ಹಾಳೆಯ ಹಿಂಬದಿ

ನನಗೆ ಮೂಗಿನ ತುದಿಯಲ್ಲಿ ಕೋಪ, ನಮ್ಮ ಯಜಮಾನರಿಗೆ ಸಿಹಿಯೆಂದರೆ ಪ್ರಾಣ. ಮೂವತ್ತು ವರ್ಷ ಒಂದೇ ಮೇಜಿನ ಎದುರುಬದುರು ಕೂತು ಪುಸ್ತಕಗಳಿಗೆ ಬೈಂಡ್ ಹಾಕಿದೆವು. ಹೊಲಿಗೆ ಅವರದು, ಅಂಟು ಮತ್ತು ರಟ್ಟು ನನ್ನದು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ರೋಗಕ್ಕೂ ಬರವಿರಲಿಲ್ಲ, ಜಗಳಕ್ಕೂ ಬರವಿರಲಿಲ್ಲ.

ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ, ಆಸ್ಪತ್ರೆಯಲ್ಲಿ ಪಥ್ಯ ಹೇಳುವಾಕೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿ, ಒಂದು ಹಾಳೆ ಕೊಟ್ಟಳು. ಯಾವ ಹೊತ್ತಿಗೆ ಏನು, ಎಷ್ಟು ಬಟ್ಟಲು, ಹಣ್ಣಾದರೆ ಎಷ್ಟು ಹೋಳು, ಎಲ್ಲ ಅದರಲ್ಲಿತ್ತು. ಇವರ ಕೈಗೆ ಸಿಕ್ಕರೆ ಕಳೆದೇಹೋಗುತ್ತದೆಂದು, ಮನೆಗೆ ಬಂದವಳೇ ಮೈದಾ ಅಂಟು ಬಳಿದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಒಂದು ಗುಳ್ಳೆಯೂ ಉಳಿಯದಂತೆ ತೀಡಿದೆ. ನಾನು ಅಂಟಿಸಿದ್ದು ಬಿಟ್ಟುಬಂದದ್ದನ್ನು ಯಾರೂ ಕಂಡಿಲ್ಲ.

ಅಂದಿನಿಂದ ಹಾಳೆ ಒಂದು ಬಟ್ಟಲು ಅನ್ನ ಎಂದರೆ ನಾನು ಅರ್ಧವೇ ಬಡಿಸಿದೆ. ಕಡಿಮೆ ತಿಂದಷ್ಟೂ ಒಳ್ಳೆಯದು ಎಂಬುದು ನನ್ನದೇ ಅತಿಬುದ್ಧಿ. ಅವರೋ ಕಳ್ಳಬೆಕ್ಕಿನ ಹಾಗೆ ಡಬ್ಬಿಗಳನ್ನು ತಡಕುತ್ತಿದ್ದರು. ತಲೆಸುತ್ತು ಎಂದು ನಾಟಕವಾಡಿ ಮಗಳ ಕೈಯಿಂದ ಎರಡು ಸಲ ಸಕ್ಕರೆ ಹಾಕಿದ ಚಹಾ ಗಿಟ್ಟಿಸಿದ್ದೂ ಉಂಟು. ಕೊನೆಗೆ ಸಕ್ಕರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವರನ್ನು ಉಳಿಸಿಕೊಳ್ಳಬೇಕಿತ್ತು ನನಗೆ, ಅಷ್ಟೇ.

ಆ ಮಧ್ಯಾಹ್ನ ಗ್ರಂಥಾಲಯದ ನಲವತ್ತು ಪುಸ್ತಕಗಳ ಕೆಲಸ ಸಂಜೆಯೊಳಗೆ ಮುಗಿಯಬೇಕಿತ್ತು. ಊಟಕ್ಕೆ ಮುಂಚಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿಸಿದೆ. ಊಟವನ್ನು ಮಾತ್ರ, ಇನ್ನು ನಾಲ್ಕು ರಟ್ಟು ಮುಗಿಯಲಿ ಎಂದು ಮುಂದಕ್ಕೆ ಹಾಕಿದೆ. ನಾಲ್ಕು ಹೋಗಿ ಹತ್ತು ರಟ್ಟಾಯಿತು. ಅವರ ಸೂಜಿ ನಿಂತದ್ದು ಕಂಡು ತಲೆಯೆತ್ತಿದೆ. ಹಣೆ ಬೆವರಿತ್ತು, ಕೈ ನಡುಗುತ್ತಿತ್ತು.

"ಒಂದು ಚಮಚ ಸಕ್ಕರೆ ಕೊಡೇ," ಅಂದರು.

"ನಾಚಿಕೆ ಆಗಲ್ವಾ ನಿಮಗೆ, ಈ ವಯಸ್ಸಲ್ಲಿ ನಾಟಕ ಆಡೋಕೆ?"

ಸಿಕ್ಕಿಬಿದ್ದಾಗಲೆಲ್ಲ ನಗುತ್ತಿದ್ದ ಮನುಷ್ಯ ಆವತ್ತು ನಗಲಿಲ್ಲ. ಅದನ್ನಾದರೂ ನಾನು ಗಮನಿಸಬೇಕಿತ್ತು. ಇನ್ನೊಮ್ಮೆ ಕೇಳಿದರು, ನಾಲಿಗೆ ತೊದಲಿತು. ನಾನು ಬೆನ್ನು ತಿರುಗಿಸಿ ಅಂಟು ಕಲಸಿದೆ. ಆಮೇಲೆ ನೋಡಿದರೆ ಅರ್ಧ ಹೊಲಿದ ಪುಸ್ತಕದ ಮೇಲೆ ತಲೆಯಿಟ್ಟಿದ್ದರು. ಮುನಿಸು, ಹಸಿವಾದರೆ ತಾನೇ ಇಳಿಯುತ್ತದೆ ಎಂದು ಬಿಟ್ಟೆ. ತಟ್ಟೆ ಹಾಕಿ ಕರೆದಾಗ ಅವರು ಏಳಲಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ ಪ್ರಜ್ಞೆ ಬರಲಿಲ್ಲ. ನಾಲ್ಕನೆಯ ದಿನ ಹೋಗಿಬಿಟ್ಟರು. ಪಥ್ಯ ಹೇಳಿದ್ದಾಕೆಯೇ ಬಂದು ಪಕ್ಕದಲ್ಲಿ ಕೂತು, ಆ ಹೊತ್ತಿನಲ್ಲಿ ಏನಾಯಿತೆಂದು ಕೇಳಿದಳು. ಹೇಳಿದೆ.

"ಬೆವರು, ನಡುಕ ಬಂದ್ರೆ ಸಕ್ಕರೆ ತುಂಬಾ ಇಳಿದಿದೆ ಅಂತ. ತಕ್ಷಣ ಸಕ್ಕರೆ ಕೊಡಿ ಅಂತ ಹಾಳೆ ಹಿಂದೆ ಇತ್ತಲ್ಲಮ್ಮ."

ಹಾಳೆ ಕೊಟ್ಟ ದಿನವೇ ಬಾಯಲ್ಲೂ ಹೇಳಿದ್ದಳಂತೆ. ಹೇಳುವಾಗ ನಾನು, ಇನ್ನು ಮೇಲೆ ಬಾಯಿ ಕಟ್ಟಬೇಕೆಂದು ಅವರನ್ನು ಗದರುತ್ತಿದ್ದಿರಬೇಕು.

ಮನೆಗೆ ಬಂದು ಗೋಡೆಗೆ ಒದ್ದೆ ಬಟ್ಟೆ ಒತ್ತಿದೆ, ಚಾಕುವಿನಿಂದ ಕೆರೆದೆ, ಉಗುರಿನಿಂದ ಕಿತ್ತೆ. ಹಾಳೆ ಚೂರುಚೂರಾಗಿ ಬಂತು. ಒಂದು ಅಕ್ಷರವೂ ಓದುವಂತಿರಲಿಲ್ಲ.

ನೋಡಲು ಬಂದವರೆಲ್ಲ ನನ್ನನ್ನು ಹೊಗಳಿದರು. ಇಂಥ ಪಥ್ಯ ಯಾರು ಮಾಡಿಸುತ್ತಾರೆ, ನಿಮ್ಮ ಕಡೆಯಿಂದ ಏನೂ ಕೊರತೆಯಾಗಲಿಲ್ಲ ಎಂದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಎಲ್ಲರೂ ಹೋದ ಮೇಲೆ ಮಗಳು ಹತ್ತಿರ ಬಂದು ನನ್ನ ಕೈ ಹಿಡಿದು ಕೂತಳು.

"ಅಪ್ಪ ಕೊನೇಲಿ ಏನಾದ್ರೂ ಹೇಳಿದ್ರಾಮ್ಮ?"

ನಿನ್ನ ಹೆಸರು ಹೇಳಿದರು ಎಂದುಬಿಡಬಹುದಿತ್ತು. ಅವಳಿಗೆ ಸಮಾಧಾನವಾಗುತ್ತಿತ್ತು, ನನಗೆ ಮಗಳಾದರೂ ಉಳಿಯುತ್ತಿದ್ದಳು. ಆದರೆ ಅವರ ಕೊನೆಯ ಮಾತನ್ನೂ ನಾನೇ ಕಿತ್ತುಕೊಳ್ಳುವುದು ಹೇಗೆ?

"ಸಕ್ಕರೆ ಕೇಳಿದ್ರು," ಅಂದೆ. "ಎರಡು ಸಲ ಕೇಳಿದ್ರು. ನಾನು ಕೊಡಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡಳು.