ಮಾವಿನ ಮರದ ಕೊಂಬಿನ ಹುಳ

ತೆಲುಗು ಗಡಿಯ ಕಂಗ್ಟಿ ಊರಿನ ಹೊಲದಲ್ಲಿದ್ದ ಮಾವಿನ ಮರ ಈ ವರ್ಷ ಒಂದು ಮಗ್ಗುಲಿಗೆ ಒಣಗತೊಡಗಿತ್ತು. ಬಂಡೆಪ್ಪ ತಾನೇ ಕಸಿ ಕಟ್ಟಿ ಬೆಳೆಸಿದ ಮರ ಅದು. ಅವನು ಅದರ ಹಣ್ಣಿನ ಗುಣಗಾನ ಶುರು ಮಾಡಿದರೆ ಬೀಗರು ಕೂಡ ಮೆಲ್ಲಗೆ ಚಪ್ಪಲಿ ಹುಡುಕುತ್ತಿದ್ದರು. ಮಳೆ ಬಿದ್ದ ಮೇಲೆ ಒಂದು ಮುಂಜಾನೆ ಅದರ ಬುಡದಲ್ಲಿ ಬೆರಳುದ್ದದ ಬೂದು ಬಣ್ಣದ ಹುಳವೊಂದು ಸಿಕ್ಕಿತು. ಬೆನ್ನ ಮೇಲೆ ಹಳದಿ ಚುಕ್ಕೆ, ತಲೆಯಲ್ಲಿ ಮೈಗಿಂತ ಉದ್ದವಾಗಿ ಬಾಗಿದ ಎರಡು ಕೊಂಬು. ಬಂಡೆಪ್ಪ ಅದನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿಕೊಂಡು ನಾರಾಯಣಖೇಡದ ಗೊಬ್ಬರದ ಅಂಗಡಿಗೆ ಹೋಗಿ ಬಂದ.

"ಅಂಗಡ್ಯಾಂವ ಕೊಮ್ಮು ಪುರುಗು ಅಂದಾನ," ಎಂದು ಹೆಂಡತಿ ಪ್ರೇಮಲಾಳಿಗೆ ಸಾರಿದ.

ತೆಲುಗಿನ ಕೊಮ್ಮು ಅಂದರೆ ಕೊಂಬು, ಪುರುಗು ಅಂದರೆ ಹುಳ. ಕೊಂಬಿನ ಹುಳ ತಿಪ್ಪೆಯಲ್ಲಿ ಮರಿ ಮಾಡುತ್ತದೆಂದು ಊರಿಗೆಲ್ಲ ಗೊತ್ತು. ಇನ್ನೇನು, ಪ್ರೇಮಲಾ ವರ್ಷವಿಡೀ ಸಗಣಿ ಹೊತ್ತು ಕೂಡಿಹಾಕಿದ್ದ ತಿಪ್ಪೆಯನ್ನು ಮಹಾಶಯ ಸಂಜೆಯೊಳಗೆ ಚೆಲ್ಲಾಪಿಲ್ಲಿ ಮಾಡಿದ. ಒಂದು ಮರಿಯೂ ಸಿಗಲಿಲ್ಲ. ಮರ ಮಾತ್ರ ಒಣಗುತ್ತಲೇ ಹೋಯಿತು.

ಪ್ರೇಮಲಾಳಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಮರ ಹೋದರೆ ಈ ಮನುಷ್ಯ ಅನ್ನ ಬಿಡುತ್ತಾನೆ ಎಂಬ ಭಯ ಸಿಟ್ಟಿಗಿಂತ ದೊಡ್ಡದಾಗಿತ್ತು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತ ಕೂತಳು. ಗಾಜಿನ ಮೇಲೆ ಬೆರಳಿಟ್ಟಾಗ ಹುಳದ ಒಂದು ಕೊಂಬು ಬೆರಳಿನ ಕಡೆ ತಿರುಗಿತು. ಆಮೇಲೆ ಇನ್ನೊಂದೂ ತಿರುಗಿ ಗಾಜನ್ನು ತಡವಿತು.

"ಏನ್ರೀ, ಎತ್ತಿನ ಕೊಂಬು ಎಂದಾರ ಅಲುಗ್ಯಾವೇನ್ರಿ? ಇವು ಕೊಂಬಲ್ಲ, ಮೀಸಿ. ಅಂಗಡ್ಯಾಂವ ಕೊಮ್ಮು ಅಂದನೋ, ಕೊಮ್ಮ ಅಂದನೋ?"

ಕೊಮ್ಮ ಅಂದರೆ ಮರದ ಟೊಂಗೆ; ಹಾಗಾದರೆ ಇದು ತಿಪ್ಪೆಯ ಹುಳವಲ್ಲ, ಟೊಂಗೆ ಕೊರೆಯುವ ಹುಳ.

"ಯಾಕ, ನನಗ ಕಿವಿ ಇಲ್ಲೇನು?" ಎಂದು ಬಂಡೆಪ್ಪ ರೇಗಿದ.

ಅವಳು ವಾದಕ್ಕಿಳಿಯದೆ ಮರದ ಹತ್ತಿರ ಹೋದಳು. ಒಣಗಿದ ಮಗ್ಗುಲಲ್ಲಿ ಒಂದು ತೂತು, ಅದರ ಕೆಳಗೆ ಹಸಿ ಹಸಿ ಮರದ ಪುಡಿ. ತೊಗಟೆಗೆ ಕಿವಿ ಹಚ್ಚಿದಳು. ಒಳಗೆ ಯಾರೋ ಖಡಕ್ ರೊಟ್ಟಿ ಅಗಿಯುತ್ತಿದ್ದಂತೆ ಸದ್ದು. ಮರ ತಿನ್ನುವವನು ಸಿಕ್ಕಿದ್ದ, ಇನ್ನೂ ಹೊತ್ತು ಮೀರಿರಲಿಲ್ಲ.

"ಬರ್ರಿ ಇಲ್ಲಿ! ಮರಿ ಒಳಗ ಕಡ್ಯಾಕತ್ತದ, ಕೇಳ್ರಿ!"

ಬಂಡೆಪ್ಪ ಬಂದು ಒಂದು ಕಿವಿ ಹಚ್ಚಿದ. ತಲೆ ತಿರುಗಿಸಿ ಇನ್ನೊಂದನ್ನೂ ಹಚ್ಚಿದ. ತಿಪ್ಪೆಯ ಲೆಕ್ಕ ಚುಕ್ತಾ ಮಾಡಲು ಪ್ರೇಮಲಾ ಬಾಯಿತುಂಬ ಮಾತು ಇಟ್ಟುಕೊಂಡು ಕಾಯುತ್ತಿದ್ದಳು.

"ಕೇಳಸ್ತದೇನ್ರಿ?"

ಅವನು ಕಿವಿಯನ್ನು ತೊಗಟೆಗೆ ಇನ್ನಷ್ಟು ಒತ್ತಿ ಹಿಡಿದ.

"ಇಲ್ಲ ಪ್ರೇಮಲಾ, ಏನೂ ಕೇಳ್ಸವಲ್ದು," ಅಂದ ಕೊನೆಗೆ. "ಅಂಗಡ್ಯಾಗೂ ಅರ್ಧಾನೇ ಕೇಳ್ಸಿತ್ತು. ಉಳಿದ ಅರ್ಧ ಹುಳದ ತಲಿ ನೋಡಿ ನಾನೇ ತುಂಬ್ಕೊಂಡೆ."

ಕರೆದರೆ ಓಗೊಡದ ದಿನಗಳನ್ನೆಲ್ಲ ಅವಳು ಅವನ ಸೊಕ್ಕಿನ ಖಾತೆಗೆ ಬರೆದಿದ್ದಳು. ತಿಪ್ಪೆಯ ಮಾತು ನುಂಗಿಕೊಂಡು, ಬೇಲಿಯಿಂದ ಒಂದು ತಂತಿ ತಂದು ತುದಿ ಕೊಕ್ಕೆಯಂತೆ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಮತ್ತೆ ತೊಗಟೆಗೆ ಕಿವಿ ಹಚ್ಚಿ, ಅವನಿಗೆ ಕಾಣುವಂತೆ ಬೆರಳೆತ್ತಿದಳು.

"ಮರಿ ಎಲ್ಲದ ಅಂತ ನಾ ಕೇಳ್ತೀನಿ," ಎಂದು ಅವನ ಮುಖ ನೋಡಿ ಗಟ್ಟಿಯಾಗಿ ಹೇಳಿದಳು. "ನೀವು ನನ್ನ ಬಟ್ಟು ನೋಡ್ಕೋತ ತೂತಿನ್ಯಾಗ ತಂತಿ ಬಿಡ್ರಿ."