ಗೊಂಬೆ ಮೆಟ್ಟಿಲ ಮೇಲೆ ಹರಿಣಿಯ ಕಲ್ಲುಗಳು

ನಾನು ಬುದ್ಧಿವಂತನೆಂದು ನನಗೆ ಗೊತ್ತಾಗಿ ಬಹಳ ವರ್ಷಗಳಾದವು. ಉಳಿದವರಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ. ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಾನು ಸೆಕ್ಷನ್ ಆಫೀಸರ್, ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ವಾಸ. ಫೈಲಿನಲ್ಲಿ ಒಂದು ಹಾಳೆ ಹಿಂದುಮುಂದಾದರೂ ಗುಮಾಸ್ತರ ಮೇಲೆ ಹಾರಾಡುತ್ತೇನೆ. ಹಳೆಯ ಕಾಗದ ಅಡಿಯಲ್ಲಿ, ಹೊಸದು ಮೇಲೆ. ಕ್ರಮ ಕೆಟ್ಟರೆ ಫೈಲು ಸತ್ತಂತೆ ಎಂದು ಭಾಷಣ ಬಿಗಿಯುತ್ತೇನೆ. ಇಂಥ ಶಿಸ್ತಿನ ಮನುಷ್ಯ ಕಳೆದ ಆಯುಧಪೂಜೆಯ ದಿನ ಮಾಡಿದ ಘನಕಾರ್ಯವನ್ನು ಈಗ ಹೇಳುತ್ತೇನೆ.

ಮಗ ಅಭಿಷೇಕ್ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಅದಕ್ಕೆ ಹಿಂದಿನ ಚಳಿಗಾಲದಲ್ಲಿ ಅವನ ಮದುವೆಯಾಗಿತ್ತು. ಸೊಸೆ ಹರಿಣಿ ಜನಕಪುರಿಯಲ್ಲಿ ಬೆಳೆದ ಕನ್ನಡದ ಹುಡುಗಿ. ವಿಶ್ವವಿದ್ಯಾಲಯದಲ್ಲಿ ಪಳೆಯುಳಿಕೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಬಹಳ ಒಳ್ಳೆಯವಳು. ಎಷ್ಟು ಒಳ್ಳೆಯವಳೆಂದರೆ ಅವಳ ಕಾಫಿಗೆ ನಾನು ಸಕ್ಕರೆಯೆಂದು ಉಪ್ಪು ಹಾಕಿಕೊಟ್ಟಾಗ “ಪರವಾಗಿಲ್ಲ ಮಾವ” ಎಂದು ಪೂರ್ತಿ ಕುಡಿದಳು. ನಿವೃತ್ತರಾಗಿ ಮೈಸೂರಿಗೆ ಹೋಗಿ ನೆಲೆಸಿರುವ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವಾಗ ಇದೇ ಹುಡುಗಿ ಹಿಂದಿಯಲ್ಲಿ ಜಗಳವಾಡುತ್ತಾಳೆ, ರೇಗುತ್ತಾಳೆ, ಬಿದ್ದುಬಿದ್ದು ನಗುತ್ತಾಳೆ. ಫೋನಿಟ್ಟು ಹೊರಗೆ ಬಂದರೆ ಮತ್ತೆ ಅದೇ ಮೆಲುದನಿ. ನಮ್ಮ ಮನೆಯಲ್ಲಿ ಅವಳು ಅತಿಥಿಯಾಗಿಯೇ ಉಳಿದಿದ್ದಳು. ಅದು ನನಗೆ ನೋಯುತ್ತಿತ್ತು.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದಳು: “ಕ್ಯಾಂಪಸ್ ಹತ್ತಿರ ಹಾಸ್ಟೆಲ್ ರೂಮ್ ಸಿಗತ್ತಂತೆ ಮಾವ. ಇಲ್ಲಿಂದ ಓಡಾಡೋದು ದೂರ. ವೀಕೆಂಡ್ ಬರ್ತೀನಿ. ದಸರಾ ಆದ್ಮೇಲೆ ಡಿಸೈಡ್ ಮಾಡ್ತೀನಿ.” ಅಭಿಷೇಕ್ “ಅವಳಿಷ್ಟ” ಎಂದ. ನನ್ನ ಹೆಂಡತಿ ಪದ್ಮಾ ಸಾರು ಬಡಿಸಿದಳು. ನನಗೆ ಮಾತ್ರ ಇವಳು ಹೋದರೆ ಮತ್ತೆ ನಮ್ಮವಳಾಗುವುದಿಲ್ಲ ಎಂದು ಹೆದರಿಕೆಯಾಯಿತು. ಹೇಗಾದರೂ ಮಾಡಿ ಇದು ನಿನ್ನ ಮನೆ ಎಂದು ಅವಳಿಗೆ ತೋರಿಸಬೇಕೆಂದು ನಿಶ್ಚಯಿಸಿದೆ. ನಾನು ನಿಶ್ಚಯಿಸಿದರೆ ಏನಾಗುತ್ತದೆಂದು ಪದ್ಮಾಳಿಗೆ ಚೆನ್ನಾಗಿ ಗೊತ್ತು.

ಹರಿಣಿಯ ಮಂಚದ ಕೆಳಗೆ ಕಲ್ಲುಗಳಿದ್ದವು. ಗುಜರಾತಿನ ಕಚ್ಛಕ್ಕೆ ಹೋಗಿ, ಒಂದು ಗುಡ್ಡವನ್ನು ಬುಡದಿಂದ ಹತ್ತುತ್ತ, ಪದರ ಪದರದಿಂದಲೂ ಕಿತ್ತು ತಂದವು. ಒಂದೊಂದು ಕಲ್ಲಿಗೂ ಒಂದೊಂದು ಬಟ್ಟೆಚೀಲ, ಚೀಲದೊಳಗೊಂದು ಚೀಟಿ. ಅನೇಕ ಕಲ್ಲುಗಳಲ್ಲಿ ಸುರುಳಿ ಸುತ್ತಿದ ಚಿಪ್ಪುಗಳಿದ್ದವು. ಅಮ್ಮೊನೈಟ್ ಎಂಬ ಸಮುದ್ರದ ಜೀವಿಯವಂತೆ. ಸಾಲಿಗ್ರಾಮದಲ್ಲಿರುವುದೂ ಇದೇ ಕುಲದ ಪ್ರಾಣಿ ಎಂದು ಹರಿಣಿ ಹೇಳಿದಾಗ ಪದ್ಮಾ ಕೈಮುಗಿದಿದ್ದಳು. ನಾನು ಮಾತ್ರ ವಿಜ್ಞಾನ ಬಲ್ಲವನಂತೆ “ಎಲ್ಲಕ್ಕೂ ಕಾರ್ಬನ್ ಡೇಟಿಂಗ್ ಮಾಡಿಸ್ತೀಯೇನಮ್ಮಾ?” ಎಂದು ಕೇಳಿದ್ದೆ. ಅವಳು “ಹಾಂ… ನೋಡೋಣ ಮಾವ” ಎಂದಿದ್ದಳು. ಮರುದಿನ ಆಫೀಸಿನ ಕ್ಯಾಂಟೀನಿನಲ್ಲಿ ಕಾರ್ಬನ್ ಡೇಟಿಂಗ್ ಕುರಿತು ನಾನು ಮಾಡಿದ ಉಪನ್ಯಾಸ ಕೇಳಿ ಜನ ಚಹಾ ತಣ್ಣಗಾಗಲು ಬಿಟ್ಟಿದ್ದರು.

ನವರಾತ್ರಿಯಲ್ಲಿ ಹರಿಣಿ ಯಾವುದೋ ಸೆಮಿನಾರಿಗೆಂದು ಡೆಹ್ರಾಡೂನಿಗೆ ಹೋದಳು. ಆಯುಧಪೂಜೆಯ ದಿನ ಸಂಜೆ ಬರುವವಳಿದ್ದಳು. ನಾವು ದೆಹಲಿಗೆ ಬಂದು ಎಷ್ಟೇ ವರ್ಷವಾದರೂ ಈ ಹಬ್ಬ ಬಿಟ್ಟಿಲ್ಲ. ಮನೆಯ ಹಾಲ್‌ನಲ್ಲಿ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತೇವೆ. ನವಮಿಯ ದಿನ ನನ್ನ ಪೆನ್ನು, ಅಭಿಷೇಕನ ಸ್ಕೂಟರು, ಪದ್ಮಾಳ ಮಿಕ್ಸಿ ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಅಂದು ಬೆಳಗ್ಗೆ ಮಿಕ್ಸಿಗೆ ಹೂವಿಡುತ್ತಿದ್ದಾಗ ನನಗೆ ಹೊಳೆಯಿತು: ಎಲ್ಲರ ಆಯುಧಕ್ಕೂ ಪೂಜೆಯಾಯಿತು, ಸೊಸೆಯದಕ್ಕೆ?

“ರೀ, ಅವಳನ್ನ ಒಂದು ಮಾತು ಕೇಳಿ” ಎಂದಳು ಪದ್ಮಾ.

“ಕೇಳಿದ್ರೆ ಸರ್‌ಪ್ರೈಸ್ ಎಲ್ಲಿ ಉಳೀತು?” ಎಂದೆ.

ಕಲ್ಲುಗಳನ್ನೆಲ್ಲ ಬಾಲ್ಕನಿಗೆ ಸಾಗಿಸಿದೆ. ಮಣ್ಣು ಮೆತ್ತಿದ್ದನ್ನು ಪೂಜೆಗೆ ಇಡುವುದುಂಟೆ? ಹಳೆಯ ಟೂತ್‌ಬ್ರಷ್ ಹಿಡಿದು, ಸೋಪು ಹಾಕಿ, ಸುರುಳಿ ಸುರುಳಿಯ ಸಂದಿಯನ್ನೂ ತಿಕ್ಕಿದೆ. ಚೀಟಿಗಳನ್ನು ಕಸದ ಬುಟ್ಟಿಗೆ ಹಾಕಿದೆ. ಕಸದ ಗಾಡಿಯವನು ಆಗಲೇ ಬಂದು ಒಯ್ದ. ಚೀಲಗಳು ವಾಷಿಂಗ್ ಮೆಷಿನ್ನಿಗೆ ಹೋದವು. ಮೇಲಿದ್ದ ಶಾಯಿಯೆಲ್ಲ ಹೋಗಿ ಹೊಚ್ಚಹೊಸದರಂತಾದವು. ಚಿಪ್ಪಿಲ್ಲದ ಬೋಳುಕಲ್ಲುಗಳು ನೋಡಲು ಲಕ್ಷಣವಾಗಿರಲಿಲ್ಲವಾದ್ದರಿಂದ ಹೂಕುಂಡಗಳಿಗೆ ಆಸರೆಯಾಗಿ ಕೊಟ್ಟೆ. ಉಳಿದವನ್ನು ಗೊಂಬೆ ಮೆಟ್ಟಿಲ ಮೇಲೆ, ರಾಜಾ ರಾಣಿಯ ಅಕ್ಕಪಕ್ಕ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದೆ. ದೂರ ನಿಂತು ನೋಡಿದೆ. ನನ್ನ ಬಗ್ಗೆ ನನಗೇ ಗೌರವ ಬಂತು.

ಸಂಜೆ ಅರಿಸಿನ ಕುಂಕುಮಕ್ಕೆ ಮೇಲಿನ ಮನೆಯ ಶ್ರೀಲಕ್ಷ್ಮಿಯವರು ಬಂದಿದ್ದರು. “ಈ ವರ್ಷದ ಗೊಂಬೆ ತುಂಬಾ ಡಿಫರೆಂಟ್” ಎಂದು ಫೋಟೋ ತೆಗೆಯುತ್ತಿದ್ದಾಗಲೇ ಹರಿಣಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ಒಳಗೆ ಬಂದಳು. ಮೆಟ್ಟಿಲುಗಳನ್ನು ನೋಡಿದಳು. ಮುಖದ ಬಣ್ಣ ಹೋಯಿತು.

“ಮಾವ, ಚೀಟಿಗಳು?”

“ಕಸಕ್ಕೆ ಹಾಕಿದೆನಮ್ಮಾ. ಹೇಗಿದೆ?”

“ಚೆನ್ನಾಗಿದೆ ಮಾವ” ಎಂದಳು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಭಿಷೇಕ್ ಕೆಲಸದಿಂದ ಬಂದವನೇ ರೂಮಿಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನನ್ನ ಮುಂದೆ ಕೂತ. “ಅಪ್ಪಾ, ಯಾವ ಕಲ್ಲು ಯಾವ ಪದರದ್ದು ಅನ್ನೋದು ಆ ಚೀಟಿಯಲ್ಲಿ, ಚೀಲದ ಮೇಲೆ ಮಾತ್ರ ಇತ್ತು. ಕಲ್ಲಿನ ಮೇಲೆ ನಂಬರ್ ಬರೆಯೋ ಕೆಲಸ ಇನ್ನೂ ಬಾಕಿ ಇತ್ತಂತೆ. ಕೆಳಗಿನ ಪದರ ಹಳೇದು, ಮೇಲಿನದು ಹೊಸದು. ಆ ಕ್ರಮಾನೇ ಅವಳ ಪಿಎಚ್.ಡಿ.”

ಹಳೆಯದು ಅಡಿಯಲ್ಲಿ, ಹೊಸದು ಮೇಲೆ. ನನ್ನ ಕಿವಿಯಲ್ಲಿ ನನ್ನದೇ ದನಿ ಕೇಳಿಸಿತು. ಯಾವ ಗುಮಾಸ್ತನೂ ಇಡೀ ಫೈಲು ಬಿಚ್ಚಿ, ಹಾಳೆಗಳನ್ನು ಸೋಪು ಹಾಕಿ ತೊಳೆದು, ಉದ್ದಗಿಡ್ಡ ನೋಡಿ ಜೋಡಿಸಿದ ದಾಖಲೆಯಿಲ್ಲ. ಆ ಗೌರವ ನನಗೇ ಸಲ್ಲಬೇಕು. ನಾಚಿಕೆಯಿಂದ ನನಗೆ ಊಟ ಬೇಡವಾಯಿತು. ಪದ್ಮಾ ಬಲವಂತವನ್ನೂ ಮಾಡಲಿಲ್ಲ.

ಬೆಳಗ್ಗೆ ನಾನೆದ್ದು ಬರುವ ಹೊತ್ತಿಗೆ ಹರಿಣಿ ಹಾಲಿನ ನೆಲದ ಮೇಲೆ ಹಾಸಿದ ಚಾದರದಲ್ಲಿ ಕಲ್ಲುಗಳನ್ನು ಹರವಿಕೊಂಡು ಕೂತಿದ್ದಳು. ಕೈಯಲ್ಲಿ ಭೂತಗನ್ನಡಿ. ನಾನು ಗೋಡೆಗೆ ಅಂಟಿಕೊಂಡು ಕೂತು “ಮತ್ತೆ ಜೋಡಿಸೋಕೆ ಆಗತ್ತೇನಮ್ಮಾ?” ಎಂದೆ.

“ಸ್ವಲ್ಪ ಆಗತ್ತೆ. ನೋಡಿ, ಈ ಚಿಪ್ಪಿನ ಮೇಲೆ ಎದ್ದಿರೋ ಏಣು ದಪ್ಪ, ಅದರದ್ದು ಸಣ್ಣ. ಈ ಅಮ್ಮೊನೈಟ್‌ಗಳು ಬಹಳ ಜಲ್ದಿ ಬದಲಾಗ್ತಿದ್ವು. ಒಂದು ಜಾತಿ ಬರೋದು, ಹೋಗೋದು, ಇನ್ನೊಂದು ಬರೋದು. ಯಾವುದಾದ್ಮೇಲೆ ಯಾವುದು ಅಂತ ಬೇರೆ ಬೇರೆ ದೇಶದ ಗುಡ್ಡಗಳನ್ನ ನೋಡಿ ವಿಜ್ಞಾನಿಗಳು ಪಹಲೇ ಸೇ ತಿಳ್ಕೊಂಡಿದ್ದಾರೆ. ಅದಕ್ಕೆ ಚಿಪ್ಪು ನೋಡಿದ್ರೆ ಪದರ ಗೊತ್ತಾಗತ್ತೆ.”

“ಅಚ್ಛಾ. ಆಮೇಲೆ ಕಾರ್ಬನ್ ಡೇಟಿಂಗ್…”

“ಕಾರ್ಬನ್ ಇದಕ್ಕೆ ಕೆಲಸಕ್ಕೇ ಬರಲ್ಲ ಮಾವ. ಐವತ್ತು ಸಾವಿರ ವರ್ಷದಲ್ಲಿ ಆ ರೇಡಿಯೋ ಕಾರ್ಬನ್ ಅಳೆಯೋಕೆ ಸಿಗದಷ್ಟು ಖಾಲಿ. ಇವು ಹದಿನಾರು ಕೋಟಿ ವರ್ಷದವು. ವಯಸ್ಸು ಬೇಕಂದ್ರೆ ಎಲ್ಲಾದ್ರೂ ಇದೇ ಚಿಪ್ಪು ಜ್ವಾಲಾಮುಖಿ ಬೂದಿಯ ಪದರದ ಪಕ್ಕ ಸಿಗಬೇಕು. ಬೂದಿಯ ಹರಳಲ್ಲಿ ಯುರೇನಿಯಂ ಇರತ್ತೆ, ಅದು ನಿಧಾನವಾಗಿ ಸೀಸ ಆಗ್ತಾ ಹೋಗತ್ತೆ. ಎಷ್ಟು ಸೀಸ ಆಗಿದೆ ಅಂತ ಅಳೆದ್ರೆ ಬೂದಿಯ ವಯಸ್ಸು ಸಿಗತ್ತೆ. ಅದೇ ವಯಸ್ಸು ಈ ಚಿಪ್ಪಿಗೂ.”

ಕ್ಯಾಂಟೀನಿನ ಉಪನ್ಯಾಸ ನೆನಪಾಯಿತು. “ಮೊದಲೇ ಯಾಕೆ ಹೇಳಲಿಲ್ಲ?” ಎಂದೆ. ಅವಳು ಸುತ್ತ ನೋಡಿ ಕೇಳಿದಳು: “ಚಿಪ್ಪಿಲ್ಲದ ಕಲ್ಲುಗಳು ಎಲ್ಲಿ?”

ನಾನು ಹೂಕುಂಡಗಳ ಕಡೆ ಕೈ ತೋರಿಸಿದೆ.

ಅವಳು ಬಾಲ್ಕನಿಗೆ ಹೋಗಿ ಬಗ್ಗಿ ನೋಡಿ ವಾಪಸು ಬಂದಳು. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳ ಪಳೆಯುಳಿಕೆ ಇದ್ದದ್ದು ಆ ಬೋಳುಕಲ್ಲುಗಳಲ್ಲಂತೆ. ಈಗ ಅವುಗಳಿಗೆ ನಮ್ಮ ದಾಸವಾಳದ ಗೊಬ್ಬರವೂ ಸೇರಿದೆ. ಯಾವುದು ಯಾವ ಪದರದ್ದು ಎನ್ನಲು ಗುರುತೂ ಇಲ್ಲ. ಚಳಿಗಾಲದಲ್ಲಿ ಮತ್ತೆ ಕಚ್ಛಕ್ಕೆ ಹೋಗಿ ಆ ಗುಡ್ಡವನ್ನು ಬುಡದಿಂದ ಹತ್ತಬೇಕು. ಇದನ್ನೆಲ್ಲ ಅವಳು ಅದೇ ಮೆಲುದನಿಯಲ್ಲಿ ಹೇಳಿದಳು. ಬೈದುಬಿಡಮ್ಮಾ ಎಂದು ನನ್ನ ಮನಸ್ಸು ಬೇಡಿಕೊಳ್ಳುತ್ತಿತ್ತು. ಅವಳು ಕೂತು ಮತ್ತೆ ಭೂತಗನ್ನಡಿ ಎತ್ತಿಕೊಂಡಳು. ಇವಳು ಹಾಸ್ಟೆಲಿಗೆ ಹೊರಟೇಬಿಟ್ಟಳು ಎಂದು ನನಗೆ ಖಾತ್ರಿಯಾಯಿತು.

ಕೈಕಟ್ಟಿ ಕೂರುವುದು ನನ್ನ ಜಾಯಮಾನವಲ್ಲ. ಚಾದರದ ಅಂಚಿನಲ್ಲಿ ಒಂದು ಕಲ್ಲಿತ್ತು. ಅದರ ಚಿಪ್ಪು ಅರ್ಧ ಮುರಿದಿತ್ತು. ಸಂದಿಯಲ್ಲಿ ನನ್ನ ಬ್ರಷ್ಷಿಗೆ ಸಿಗದೆ ಉಳಿದ ಕೆಂಪುಮಣ್ಣು, ಹಣೆಯಲ್ಲಿ ನಾನಿಟ್ಟ ಕುಂಕುಮ. ಕುಂಕುಮವನ್ನಾದರೂ ತೆಗೆದುಕೊಟ್ಟರೆ ಅವಳಿಗೆ ಅನುಕೂಲವಾದೀತೆಂದು ಒದ್ದೆಬಟ್ಟೆ ತಂದು ಒರೆಸಲು ಹೋದೆ.

“ಮಾವಾ! ರುಕಿಯೇ! ಕೈ ತೆಗೀರಿ!”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಅಕಲ್ ಹೈ ಕಿ ನಹೀಂ? ಬುದ್ಧಿ ಇದೆಯಾ ನಿಮಗೆ? ಚಿಪ್ಪು ಮುರಿದಿದೆ, ಆ ಮಣ್ಣೊಂದೇ ಉಳಿದಿರೋದು ಅದರಲ್ಲಿ! ಅದನ್ನ ನೋಡೇ ಪದರ ಗುರುತು ಹಿಡೀಬೇಕು! ಒಂದು ಸಲ ತೊಳೆದು ನನ್ನ ಕೆಲಸ ಹಾಳು ಮಾಡಿದ್ದು ಸಾಲದಾ? ಯಾರು ಕೇಳಿದ್ರು ನಿಮ್ಮನ್ನ? ಹೂವು ಮುಡಿಸಿದ್ರಂತೆ, ಹೂವು! ಕಲ್ಲಿಗೆ!”

ಕೂಗಿ ಕೂಗಿ ಅವಳ ಕಣ್ಣಲ್ಲಿ ನೀರು ಬಂತು. ನಾನು ಬಟ್ಟೆ ಕೆಳಗಿಟ್ಟೆ. ಈಗ ಕ್ಷಮೆ ಕೇಳುತ್ತಾಳೆ, ಮತ್ತೆ ಅತಿಥಿಯಾಗುತ್ತಾಳೆ ಎಂದು ಕಾದೆ. ಅವಳು ಮೂಗೊರೆಸಿಕೊಂಡು, ದನಿ ಒಂದಿಷ್ಟೂ ತಗ್ಗಿಸದೆ ಹೇಳಿದಳು: “ಇವತ್ತೇ ಒಂದು ಅಲ್ಮಾರಿ ತರಿಸಿ. ಈ ಹಾಲಲ್ಲೇ ಇಡಿ. ಬೀಗ ಇರಬೇಕು. ಚಾವಿ ನನ್ನ ಹತ್ತಿರ ಇರತ್ತೆ, ನೀವು ಕೇಳೋ ಹಾಗೂ ಇಲ್ಲ.”

“ಅಲ್ಲಮ್ಮಾ, ಹಾಸ್ಟೆಲ್ಲು…”

“ಹಾಸ್ಟೆಲ್ ರೂಮ್‌ನಲ್ಲಿ ಇಷ್ಟು ಕಲ್ಲು ಹಿಡಿಯತ್ತಾ? ಏನ್ ಮಾತಾಡ್ತೀರಿ! ಆ ಕಲ್ಲು ಇಲ್ಲಿ ಕೊಡಿ. ಒರೆಸಬೇಡಿ.”

ಒರೆಸದೆ ಕೊಟ್ಟೆ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನ್ನ ಸೊಸೆ ನನ್ನನ್ನು ಬಾಯ್ತುಂಬ ಬೈದಿದ್ದಳು. ಸಂತೋಷ ತಡೆಯಲಾರದೆ ನಾನು ಅಡುಗೆಮನೆಗೆ ಓಡಿದೆ, ಪದ್ಮಾಳಿಗೆ ಹೇಳಲು.