ಕರು ಹತ್ತಿದ ಮಹಡಿ

ಬಿಸಿಲೂ ಇದೆ, ಹನಿಯೂ ಇದೆ — ಆವಣಿ ತಿಂಗಳಲ್ಲಿ ಬೋಡಿನಾಯಕನೂರಿನ ಬೆಳಗೇ ಹೀಗೆ, ಬೆಟ್ಟದ ಆಚೆ ಕೇರಳದವರಿಗೆ ಸುರಿದು ಮಿಕ್ಕಿದ್ದನ್ನು ಗಾಳಿ ಈಚೆಗೆ ತೂರುತ್ತದೆ, ಮೈ ನೆನೆಯುವಷ್ಟಲ್ಲ, ಒಗೆದ ಸೀರೆ ಒಣಗದಿರುವಷ್ಟು, ಕಿಟಕಿಯ ಸರಳಿನಡಿ ಹನಿಗಳು ಸಾಲಾಗಿ ಕೂತಿವೆ, ಒಂದು ಜಾರಿತು, ಅದರ ಜಾಗಕ್ಕೆ ಇನ್ನೊಂದು ಬಂತು, ಈ ಕಿಟಕಿ ನನ್ನದು ಎಂದುಕೊಂಡಳು ಚಿನ್ನಮ್ಮಾಳ್, ಕೂಡಲೇ ನಾಲಿಗೆ ಕಚ್ಚಿಕೊಂಡಳು, ನನ್ನದೇನು ಬಂತು, ಕೆಳಗಿರುವ ಜೆಯರಾಜ್ ಸಾರ್‌ದು, ಬಾಡಿಗೆ ಕೊಡುವ ತನಕ ಇರಬಹುದು ಅಷ್ಟೆ, ಈ ಭೂಮಿಯ ಮೇಲೆ ಯಾರು ತಾನೇ ಬಾಡಿಗೆಗಿಲ್ಲ, ಮೇಲಿರುವ ಪೆರುಮಾಳು ಸಾಕು ಬಾ ಅಂದ ದಿನ ಖಾಲಿ ಮಾಡಬೇಕು — ಆದರೂ ಐವತ್ತೆಂಟು ವರ್ಷಕ್ಕೆ ಮೊದಲ ಸಲ ಬಾಗಿಲೊಂದರ ಬೀಗದ ಕೈ ತನ್ನ ಸೊಂಟದಲ್ಲಿದೆ, ತಣ್ಣಗೆ ತಾಕುತ್ತದೆ, ಅಪ್ಪನ ಮನೆಯ ಬಾಗಿಲಿಗೆ ಬೀಗವೇ ಇರಲಿಲ್ಲ, ಗೂಡಲೂರಿನ ಗಂಡನ ಮನೆಯ ಬೀಗದ ಕೈ ಅಕ್ಕನ ಸೊಂಟದ್ದು, ಅಕ್ಕ ಅಂದರೆ ವೀರಮ್ಮಾಳ್, ಗಂಡನ ಅಣ್ಣನ ಹೆಂಡತಿ, ಮೂವತ್ತಾರು ವರ್ಷ ಒಂದೇ ಒಲೆಯ ಎರಡು ಬದಿಯಲ್ಲಿ ಕೂತು ಊದಿದವರು ಇಬ್ಬರೂ, ಹೊಗೆ ಯಾರ ಕಣ್ಣಿಗೆ ಹೋಯಿತು ಎಂದು ಕೇಳಿದವರಲ್ಲ.

ಎಲ್ಲರಿಗೂ ಹೇಳಿದ್ದು ಮೊಣಕಾಲಿನ ಮಾತು, ಏಲಕ್ಕಿ ಮಂಡಿಯಲ್ಲಿ ಕಾಯಿ ಆರಿಸುವ ಕೆಲಸಕ್ಕೆ ದಿನಾ ಎರಡು ಬಸ್ಸು ಹತ್ತಿ ಇಳಿಯಲಾಗುವುದಿಲ್ಲ, ಮಂಡಿಯ ಹತ್ತಿರವೇ ಒಂದು ರೂಮು ಹಿಡಿಯುತ್ತೇನೆ ಎಂದು, ಅಕ್ಕ ಮೊರದಲ್ಲಿದ್ದ ಅಕ್ಕಿಯಿಂದ ತಲೆ ಎತ್ತಲಿಲ್ಲ, ಎಷ್ಟನೇ ಮಾಡೀಲಿ ಸಿಕ್ತು ರೂಮು? ಎರಡನೇದು ಅಕ್ಕ. ಅಂಗಾರೆ ಮೆಟ್ಲು ಹತ್ತೋವಾಗ ನೋಯಲ್ವಾ ಮೊಣಕಾಲು, ಬಸ್ ಹತ್ತೋವಾಗ ಮಾತ್ರ ನೋಯ್ತದಾ, ಒಳ್ಳೆ ಮೊಣಕಾಲಮ್ಮ ನಿಂದು! — ಅಲ್ಲಿಂದ ಹನ್ನೊಂದು ದಿನ ಮಾತಿಲ್ಲ, ಮಾತೆಲ್ಲ ಬೆಕ್ಕಿನ ಜೊತೆ, ಬೆಕ್ಕೇ, ಸಾರು ಆರೋಗ್ತದೆ, ಉಣ್ಣೋರು ಬಂದು ಉಣ್ಣಬೌದು, ಬೆಕ್ಕೇ, ಬೇರೆ ಓಗೋರು ಉಪ್ಪಿನಕಾಯಿ ಜಾಡಿ ತಕ್ಕೊಂಡ್ ಓಗ್ಬೌದು, ನಾವೇನು ತಡೆಯಲ್ಲ — ಬೆಕ್ಕು ಪಾಪ ಇಬ್ಬರ ಮುಖವನ್ನೂ ನೋಡುವುದು. ನಿಜವಾದ ಕಾರಣ ಬೆಕ್ಕಿಗೂ ಹೇಳಿರಲಿಲ್ಲ. ಹೇಳಿದರೆ ಅಕ್ಕನ ಮೇಲೆ ದೂರು ಹೇಳಿದಂತಾಗುತ್ತಿತ್ತು, ಅಕ್ಕನ ತಪ್ಪೇನಿದೆ, ಆ ಮನೆಯಲ್ಲಿ ದೇವರ ಗೂಡಿನ ದೀಪ ಸೊಸೆಯರ ಸರದಿ, ಮಂಗಳವಾರ ದೊಡ್ಡವಳದು, ಶುಕ್ರವಾರ ಚಿಕ್ಕವಳದು, ಅತ್ತೆ ಇಟ್ಟ ನೇಮ, ಹದಿನಾಲ್ಕು ವರ್ಷ ಅವಳು ಶುಕ್ರವಾರ ಹಚ್ಚಿದಳು, ಆಮೇಲೆ ಗಂಡ ಹೋದರು, ತೋಟದ ಬಾವಿಯ ಹತ್ತಿರ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ, ಹದಿನಾರನೇ ದಿನ ಕಳೆದ ಮೊದಲ ಶುಕ್ರವಾರ ಅವಳು ಅಭ್ಯಾಸಬಲದಿಂದ ಬತ್ತಿ ಹೊಸೆಯುತ್ತಿದ್ದಾಗ ಅತ್ತೆ ಹೇಳಿದರು, ನೀ ಬಿಡು ತಾಯಿ, ವೀರು ಹಚ್ತಾಳೆ. ಜೋರಾಗಿ ಹೇಳಲಿಲ್ಲ, ತಲೆ ಸವರಿಯೇ ಹೇಳಿದರು. ಅಕ್ಕ ಬಂದು ಕೈಯಿಂದ ಬತ್ತಿ ತಗೊಂಡಳು. ಇಪ್ಪತ್ತೆರಡು ವರ್ಷ. ಅತ್ತೆ ಹೋಗಿ ಒಂಬತ್ತಾಯಿತು, ನೇಮ ಹೋಗಲಿಲ್ಲ, ಯಾರೂ ಬೇಡ ಅನ್ನಲಿಲ್ಲ, ಯಾರೂ ಬಾ ಅನ್ನಲೂ ಇಲ್ಲ, ಅವಳು ಬಾಗಿಲ ಹಿಂದೆ ನಿಂತು ಕೈ ಮುಗಿಯುವಳು, ಸಾಯುವುದರೊಳಗೆ ಒಂದು ಸಲ ತನ್ನ ಕೈಯಾರೆ ಹಚ್ಚಿದ ದೀಪದ ಮುಂದೆ ಕೂರಬೇಕು ಅನ್ನುವ ಆಸೆ, ಬೇರೆ ಏನೂ ಇಲ್ಲ, ಒಂದು ಅಂಗೈ ಎತ್ತರದ ಬೆಂಕಿ — ಅದಕ್ಕಾಗಿ ಒಂದು ಮನೆ ಹಿಡಿದಳು ಎಂದರೆ ಜನ ನಗುತ್ತಾರೆ. ಪೆರುಮಾಳು ನಗಲಾರ.

ಕೆಳಗೆ ಮಿನಿ ಲಾರಿಯ ಸದ್ದು. ಚಿಕ್ಕವ್ವಾ, ಏ ಚಿಕ್ಕವ್ವಾ, ಎಂದು ರಾಜಾನ ಕೂಗು, ಅಕ್ಕನ ಮಗ, ಎತ್ತಿ ಆಡಿಸಿದ ಹುಡುಗ, ಈಗ ಅವನಿಗೇ ಕಿವಿಯ ಹತ್ತಿರ ನರೆ, ಇಣುಕಿದರೆ ಲಾರಿಯ ಹಿಂದೆ ಕೆಂದಿ ನಿಂತಿದೆ, ನಾಲ್ಕು ತಿಂಗಳ ಕರು, ಕೊರಳಲ್ಲಿ ಹೂವು, ಹಣೆಗೆ ಅರಿಸಿನ, ಪಕ್ಕದಲ್ಲಿ ಕೊಡೆ ಹಿಡಿದ ಅಕ್ಕ, ಮುಖ ಮಾತ್ರ ಬೇರೆ ಬೀದಿಯ ಕಡೆ. ತಮಿಳು ಸೀಮೆಗೆ ಬಂದು ನೆಲೆಸಿದ ನಮ್ಮ ಕನ್ನಡ ಮಂದಿ ಹೊಸ ಮನೆಗೆ ಮೊದಲು ಹಸು ಹೊಗದೆ ಕಾಲಿಡುವುದಿಲ್ಲ, ಹಸು ತುಳಿದದ್ದೇ ನೆಲ, ಅದು ಗೊತ್ತಿದ್ದೂ ಅವಳು ಬಾಡಿಗೆ ಮನೆಗೆಲ್ಲ ಯಾಕೆ ಎಂದು ಸುಮ್ಮನಿದ್ದಳು, ಅಕ್ಕ ಸುಮ್ಮನಿರಲಿಲ್ಲ, ಮಾತು ಬಿಟ್ಟಿದ್ದಾಳೆ, ಶಾಸ್ತ್ರ ಬಿಟ್ಟಿಲ್ಲ. ನೀನೂ ಬಾ ಅಕ್ಕ. ಅಕ್ಕ ಕರುವಿಗೆ ಹೇಳಿದಳು, ಕೆಂದೀ, ನೀ ಮೇಲೋಗು, ಬಾಡಿಗೆ ಮನೇಲಿ ನಾನು ನೀರೂ ಮುಟ್ಟಲ್ಲ, ಇಲ್ಲೇ ನಿಂತಿರ್ತೀನಿ. ರಾಜಾ ಬೆಲ್ಲ ತೋರಿಸುತ್ತ ಮುಂದೆ, ಕೆಂದಿ ಹಿಂದೆ, ಇಪ್ಪತ್ತೆರಡು ಮೆಟ್ಟಿಲು ಟಕ ಟಕ, ಮೊದಲ ಮಹಡಿಯ ತಿರುವಿನಲ್ಲಿ ಸಗಣಿ ಹಾಕಿತು, ಒಳ್ಳೇ ಶಕುನ ಎಂದು ರಾಜಾ, ಹೊಸಿಲು ದಾಟಿ ರೂಮಿನ ನಡುವೆ ನಿಂತು ಅಂಬಾ ಎಂದಿತು, ಅವಳಿಗೆ ಕಣ್ಣು ತುಂಬಿ ಬಂತು, ಆರತಿ ಎತ್ತಿದಳು, ಬಾಳೆಹಣ್ಣು ಕೊಟ್ಟಳು, ಎಲ್ಲ ಮುಗಿಯಿತು, ಇನ್ನು ಇಳಿಸಬೇಕು.

ಇಳಿಯಲಿಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿತು, ಮುಂಗಾಲು ನಡುಗಿತು, ಹಿಂದಕ್ಕೆ ಬಂತು. ಬೆಲ್ಲಕ್ಕೂ ಇಲ್ಲ, ಹುಲ್ಲಿಗೂ ಇಲ್ಲ. ದನ ಮೆಟ್ಟಿಲು ಹತ್ತುತ್ತದೆ, ಇಳಿಯುವುದಿಲ್ಲ — ನೂರಾರು ವರ್ಷ ದನದ ಬೆನ್ನಿಗೇ ನಡೆದ ಮಂದಿಗೆ ಇದು ಗೊತ್ತಿರಲಿಲ್ಲ, ಹೇಗೆ ಗೊತ್ತಿರಬೇಕು, ನಮ್ಮವರ ಮನೆಗೆಲ್ಲ ಮೆಟ್ಟಿಲೆಂದರೆ ಒಂದು ಹೊಸಿಲು. ಸದ್ದಿಗೆ ಜೆಯರಾಜ್ ಸಾರ್ ಮೇಲೆ ಬಂದರು, ರಿಟೈರಾದ ತಹಸೀಲ್ದಾರ್ ಆಫೀಸಿನವರು, ಬನಿಯನ್ನಿನಲ್ಲೂ ಆಫೀಸಿನ ಗತ್ತು, ಎನ್ನಮ್ಮಾ ಇದು, ಮಾಡಾ, ಎಂದು ತಮಿಳಿನಲ್ಲಿ ಶುರುಮಾಡಿ ತಮಿಳಿನಲ್ಲೇ ಮುಗಿಸಿದರು, ಒಬ್ಬರು ಇರುತ್ತೀನಿ ಅಂದಿರಿ, ಮೊದಲ ದಿನವೇ ದನ ಕರೆದುಕೊಂಡು ಬಂದಿರಿ, ಸಾಯಂಕಾಲದೊಳಗೆ ದನ ಇಳಿಯಬೇಕು, ಇಲ್ಲಾಂದರೆ ನೀವೂ ಇಳಿಯಬೇಕು. ಅವಳ ಕೈ ಸೊಂಟದ ಬೀಗದ ಕೈಗೆ ಹೋಯಿತು, ಸಿಕ್ಕಿದ್ದು ಅರ್ಧ ದಿನಕ್ಕೇ ಹೋಗುತ್ತದಾ, ಟ್ರಂಕಿನ ಹಿಂದೆ ಬಟ್ಟೆ ಮುಚ್ಚಿಟ್ಟ ಹಿತ್ತಾಳೆ ದೀಪ, ಎಣ್ಣೆ ಹಾಕಿ ಬತ್ತಿ ಇಟ್ಟಾಗಿದೆ, ಇವತ್ತು ಶುಕ್ರವಾರ, ಶುಕ್ರವಾರವೆಂದೇ ಬಂದದ್ದು — ಕೆಂದಿ ಅಳಲು ಶುರುಮಾಡಿತು, ಬೀದಿಯಲ್ಲಿ ಜನ ನಿಂತರು, ಆಗ ಮೆಟ್ಟಿಲ ಮೇಲೆ ಕೊಡೆಯ ಕಡ್ಡಿ ಊರುವ ಸದ್ದು, ಉಸ್ಸಪ್ಪಾ ಎನ್ನುವ ದನಿ, ಅಕ್ಕ.

ಅಕ್ಕ ಯಾರನ್ನೂ ನೋಡದೆ ಒಳಗೆ ಬಂದು ಕರುವಿನ ಪಕ್ಕ ಕೂತಳು, ಕೊರಳಡಿ ತುರಿಸಿದಳು, ಅದು ಅವಳ ಹೆಗಲಿಗೆ ಮುಖ ಒರಗಿಸಿತು. ಇವಳು ಏನು ಮಾಡುವುದು, ಹಾಲಿಟ್ಟಳು, ಹಾಲು ಉಕ್ಕಿತು, ಮೂಡಲಿಗೇ ಉಕ್ಕಿತು, ಅಕ್ಕನ ಕಣ್ಣು ಅತ್ತ ಹೋಗಿ ಈಚೆ ಬಂತು, ಇವಳು ಲೋಟ ಮುಂದಿಟ್ಟಳು, ಅಕ್ಕ ಕೆಂದಿಯನ್ನು ಕೇಳಿದಳು, ಏನೇ, ಸಕ್ಕರೆ ಆಕಿದ್ದಾಳಾ, ಇಲ್ಲ ಬರೀ ಬಿಸಿನೀರಾ? ಆಕಿದ್ದೀನಿ ಅಕ್ಕ. ನಿನ್ನ ಯಾರು ಕೇಳಿದ್ರು, ಎಂದಳು ಅಕ್ಕ — ಹನ್ನೊಂದು ದಿನಕ್ಕೆ ಮೊದಲ ಮಾತು — ಕುಡಿದಳು, ಪೂರ್ತಿ ಕುಡಿದಳು. ನಾಲ್ಕು ಗಂಟೆಗೆ ಅಕ್ಕನೇ ಉಪಾಯ ತೆಗೆದಳು, ಟವೆಲಿನಿಂದ ಕೆಂದಿಯ ಕಣ್ಣು ಕಟ್ಟಿ, ನಾಲ್ಕು ಕಾಲು ಹಗುರಾಗಿ ಸುತ್ತಿ, ರಾಜಾ ಮುಂದೆ ಹಿಡಿ, ಹಿಂದೆ ಯಾರು, ಏನ್ ಸಾರೇ, ನಿಮ್ಮ ಮನೆ ಮೆಟ್ಲು, ನೀವೇ ಹಿಡೀರಿ! ಜೆಯರಾಜ್ ಸಾರ್‌ಗೆ ಕನ್ನಡ ತಿಳಿಯದು, ಅಕ್ಕನ ಬೆರಳು ತಿಳಿಯಿತು, ಬನಿಯನ್ನಿಗೆ ಸಗಣಿ ಅಂಟಿಸಿಕೊಂಡು ಹಿಂಗಾಲು ಹಿಡಿದರು, ಒಂದೊಂದೇ ಮೆಟ್ಟಿಲು, ಮೆದುವಾ ಮೆದುವಾ ಎಂದು ತಾವೇ ಹೇಳಿಕೊಳ್ಳುತ್ತ, ಕೆಳಗೆ ನೆಲ ತಾಕಿದ್ದೇ ಕೆಂದಿ ಬಾಲ ಎತ್ತಿ ಒಮ್ಮೆ ಕುಣಿಯಿತು, ಸಾರ್ ನಕ್ಕುಬಿಟ್ಟರು, ಇನಿಮೇ ಬೇಡಮ್ಮಾ ಇಂಥದ್ದು, ಎಂದು ಅರ್ಧ ತಮಿಳು ಅರ್ಧ ಏನೋ, ಇರಿ, ಇರಿ ಎಂದು ಕೈಯಾಡಿಸಿ ಒಳಗೆ ಹೋದರು. ಇರಬಹುದು. ಮನೆ ಉಳಿಯಿತು.

ರಾಜಾ ಕೆಳಗಿನಿಂದ ಹಾರನ್ ಹೊಡೆದ. ಅಕ್ಕ ಇಳಿಯಲಿಲ್ಲ. ಬೆಳಕು ಇಳಿಯುತ್ತಿದೆ, ಹನಿ ನಿಂತಿದೆ, ಬೆಟ್ಟದ ಮೇಲೆ ಮಾತ್ರ ಮೋಡ, ಅಕ್ಕ ರೂಮನ್ನು ಒಂದು ಸುತ್ತು ನೋಡಿದಳು, ಟ್ರಂಕಿನ ಹತ್ತಿರ ನಿಂತಳು, ಕರು ಎಳೆದಾಡಿದ್ದರಲ್ಲಿ ಬಟ್ಟೆ ಜಾರಿ ದೀಪ ಕಾಣುತ್ತಿತ್ತು, ಎಣ್ಣೆ, ಹೊಸ ಬತ್ತಿ, ಇವಳ ಮುಖ ಸುಟ್ಟಂತಾಯಿತು, ಕದ್ದು ಸಿಕ್ಕಿಬಿದ್ದವಳಂತೆ, ಏನಾದರೂ ಹೇಳಬೇಕು, ಮೊಣಕಾಲು ಎನ್ನಬೇಕು, ಬಸ್ಸು ಎನ್ನಬೇಕು, ಅಕ್ಕ ಇಪ್ಪತ್ತೆರಡು ವರ್ಷದಷ್ಟು ಹೊತ್ತು ನಿಂತಿದ್ದಾಳೆ, ಆಮೇಲೆ ಒಲೆಯ ಹತ್ತಿರ ಹೋಗಿ ಏನನ್ನೋ ತೆಗೆದುಕೊಂಡು ಬಂದಳು, ಇವಳ ಕೈ ಹಿಡಿದು ಬಿಡಿಸಿದಳು, ನಂದು ಮಂಗಳವಾರ ಕಣೇ, ಎಂದಳು, ದನಿ ಇರಲಿಲ್ಲ, ಉಸಿರಷ್ಟೇ, ಶುಕ್ರವಾರ ನಿಂದು, ತಗ — ಅಂಗೈ ಮೇಲೆ ಬೆಂಕಿಪೊಟ್ಟಣ, ಎಷ್ಟು ಹಗುರ, ಹೊರಗೆ ಇನ್ನೊಂದು ಹಾರನ್, ಕಡ್ಡಿಗಳು ಒಳಗೆ ಅಲುಗಿದ ಸದ್ದು, ಅಂಗೈ ಮೇಲೆ ಬೆಂಕಿಪೊಟ್ಟಣ, ಅದರ ಮೇಲೆ ಇನ್ನೂ ಎತ್ತದ ಅಕ್ಕನ ಕೈ.